ವಿಮಾನ ಹೊರಡುವ ಮುನ್ನ ಪೈಲಟ್‌ಗೆ ತಲೆಲೆಕ್ಕ ಸಿಗುವ ಬಗೆ

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ವಿಮಾನ ಹತ್ತುವವರು ಹೊತ್ತಿಗೆ ಮುಂಚೆ ತಲುಪಬೇಕು, ಮಳೆಗಾಲದಲ್ಲಂತೂ ಇನ್ನೂ ಬೇಗ. ಚೆಕ್‌-ಇನ್ ಮುಚ್ಚಿದ ಮೇಲೆಯೇ ವಿಮಾನದಲ್ಲಿ ಎಷ್ಟು ಜನ, ಎಷ್ಟು ತೂಕ ಎಂಬ ಪಕ್ಕಾ ಲೆಕ್ಕ ಸಾಧ್ಯ.

ಈ ಲೆಕ್ಕ ನೋಡುವ ಲೋಡ್ ಕಂಟ್ರೋಲ್ ಸಿಬ್ಬಂದಿ ದೊಡ್ಡವರು, ಮಕ್ಕಳು, ಕೂಸುಗಳನ್ನು ಬೇರೆ ಬೇರೆ ಹಿಡಿದು, ಲಗೇಜ್, ಸರಕು, ಇಂಧನ ಸೇರಿಸಿ ತೂಕದ ಪಟ್ಟಿ, ಅಂದರೆ ಲೋಡ್‌ಶೀಟ್ ಮಾಡುತ್ತಾರೆ. ಸಾಮಾನ್ಯವಾಗಿ ಪ್ರಯಾಣಿಕರನ್ನು ತೂಗುವುದಿಲ್ಲ, ಸರಾಸರಿ ತೂಕ ಹಾಕುತ್ತಾರೆ. ಈ ಶೀಟ್ ಕಾಗದದಲ್ಲೋ, ಏಕಾರ್ಸ್ (ನೆಲದಿಂದ ವಿಮಾನಕ್ಕೆ ಬರಹದ ಸಂದೇಶ ಕಳಿಸುವ ವ್ಯವಸ್ಥೆ) ಸಂದೇಶವಾಗಿಯೋ ಕಾಕ್‌ಪಿಟ್ ಸೇರುತ್ತದೆ.

ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಆದ ಸಂಖ್ಯೆ ಒಂದು ಕಡೆ. ಒಳಗೆ ಕ್ಯಾಬಿನ್ ಸಿಬ್ಬಂದಿ ಸಾಲು ಸಾಲಾಗಿ ತಲೆ ಎಣಿಸಿದ್ದು ಇನ್ನೊಂದು ಕಡೆ. ಇವೆರಡೂ ಶೀಟಿನ ಜೊತೆ ತಾಳೆಯಾಗಬೇಕು. "148 ಪ್ಲಸ್ 2" ಎಂದರೆ ಸೀಟಿನಲ್ಲಿ 148, ಮಡಿಲಲ್ಲಿ 2 ಕೂಸು. ಶೌಚಾಲಯದಲ್ಲಿದ್ದವರು ಬಿಟ್ಟುಹೋದರೆ, ಕೂಸನ್ನು ಸೀಟಿನವರ ಜೊತೆ ಸೇರಿಸಿದರೆ ತಾಳೆಯಾಗುವುದಿಲ್ಲ, ಮತ್ತೆ ಎಣಿಸಲೇಬೇಕು. ಲಗೇಜ್ ಕೊಟ್ಟವರು ಹತ್ತದಿದ್ದರೆ ಅವರ ಪೆಟ್ಟಿಗೆ ಹುಡುಕಿ ಇಳಿಸಬೇಕು. ಕಂಪನಿಯ ಮಿತಿಯೊಳಗಿನ ಸಣ್ಣ ವ್ಯತ್ಯಾಸವನ್ನು ಅದೇ ಶೀಟಿನಲ್ಲಿ ತಿದ್ದಬಹುದು, ಮಿತಿ ದಾಟಿದರೆ ಹೊಸ ಶೀಟ್. ಕ್ಯಾಪ್ಟನ್ ಒಪ್ಪಿದ ಮೇಲೆಯೇ ಹೊರಡುವುದು.

ತಲೆಲೆಕ್ಕ ಸರಿಯಿದ್ದರೂ ದೊಡ್ಡವರು, ಮಕ್ಕಳು ಎಂಬ ವರ್ಗ ತಪ್ಪಿದರೆ ಅಪಾಯ. 2020ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ವಿಮಾನವೊಂದರಲ್ಲಿ "ಮಿಸ್" ಎಂದು ನಮೂದಾಗಿದ್ದ 38 ಹೆಂಗಸರನ್ನು ಸಾಫ್ಟ್‌ವೇರ್ ಮಕ್ಕಳೆಂದು ಹಿಡಿಯಿತು. ನಿಜವಾದ ತೂಕ ಶೀಟಿಗಿಂತ 1,244 ಕಿಲೋ ಹೆಚ್ಚಿತ್ತು. ಹಾಗಾಗಿ ಟಿಕೆಟ್ ಮಾಡಿಸುವಾಗ ಮಕ್ಕಳ ವಯಸ್ಸು ಸರಿಯಾಗಿ ಬರೆಸಿ. ಸೀಟು ಖಾಲಿಯಿದೆಯೆಂದು ಹೇಳದೆ ಕೇಳದೆ ಹಿಂದೆ ಮುಂದೆ ಹೋಗಬೇಡಿ. ಸಣ್ಣ ವಿಮಾನದಲ್ಲಿ ನಾಲ್ಕಾರು ಜನ ಜಾಗ ಬದಲಿಸಿದರೂ ಸಮತೋಲದ ಲೆಕ್ಕ ಬದಲಾಗುತ್ತದೆ.