ಅರ್ತ್ ಪಿನ್ ಮುಟ್ಟದೆ ಇಂಡಕ್ಷನ್ ಸ್ಟೌವ್‌ಗೆ ಸ್ಕೋಪ್ ಹಾಕಿದೆ

ಇಂಡಕ್ಷನ್ ಸ್ಟೌವ್ ರಿಪೇರಿ ಮಾಡುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಸುಟ್ಟ ಐಜಿಬಿಟಿ (ಕಾಯಿಲ್‌ಗೆ ಕರೆಂಟ್ ಬಿಟ್ಟು ನಿಲ್ಲಿಸುವ ಪವರ್ ಟ್ರಾನ್ಸಿಸ್ಟರ್) ಬದಲಾಯಿಸಿ ಕಳಿಸುತ್ತೇವೆ, ವಾರದೊಳಗೆ ಗಿರಾಕಿ ಅದೇ ಸ್ಟೌವ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಎರಡನೇ ಸಲದ ಐಜಿಬಿಟಿ, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಭಾಗ), ಫ್ಯೂಸ್ ಎಲ್ಲ ನಮ್ಮ ಜೇಬಿನಿಂದಲೇ. ಹೀಗೇ ನಾಲ್ಕೈದು ಸಾವಿರ ಹೋಗಿರಬೇಕು. ಮೀಟರ್‌ನಲ್ಲಿ ಎಲ್ಲ ಸರಿಯಾಗೇ ತೋರಿಸುತ್ತದೆ. ಐಜಿಬಿಟಿಯ ಕಲೆಕ್ಟರ್ ಕಾಲಿನ ಮೇಲೆ ಏನಾಗುತ್ತಿದೆ ಅಂತ ಸ್ಕೋಪ್‌ನಲ್ಲೇ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೊಸ್ಕೋಪ್) ನೋಡಬೇಕು.

ಆದರೆ ಈ ಬೋರ್ಡಿನ ಗ್ರೌಂಡ್ ಅಂದರೆ ಬ್ರಿಡ್ಜ್‌ನ ಮೈನಸ್. ಸ್ಕೋಪಿನ ಪ್ರೋಬ್ (ಅಳೆಯುವ ತಂತಿ) ಕ್ಲಿಪ್ ಒಳಗಿನಿಂದ ಅರ್ತ್ ಪಿನ್‌ಗೇ ಸೇರಿರುತ್ತದೆ, ಅದನ್ನು ಅಲ್ಲಿಗೆ ಕಚ್ಚಿಸಿದರೆ ಮೇನ್ಸ್ ನೇರವಾಗಿ ಸ್ಕೋಪ್ ಮೂಲಕ ಅರ್ತ್‌ಗೆ ಶಾರ್ಟ್. ಎಲ್ಲರೂ ಕೊಟ್ಟ ಸಲಹೆ ಒಂದೇ: "ಸ್ಕೋಪಿನ ಅರ್ತ್ ಪಿನ್ ತೆಗೆದುಬಿಡು ಮಾರಾಯ, ನಾವೆಲ್ಲ ಹಾಗೇ ಮಾಡೋದು." ನಾನು ಒಪ್ಪಲಿಲ್ಲ. ಪಿನ್ ತೆಗೆದರೆ ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್ಟಿನ ಲೋಹದ ಮೇಲೇ 325 ವೋಲ್ಟ್ ಬಂದು ಕೂರುತ್ತದೆ. ಪಕ್ಕದ ಅಂಗಡಿಯ ಹುಡುಗ ಹಾಗೆ ಹೊಡೆಸಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸಂಜೆವರೆಗೂ ಅವನ ಕೈ ನಡುಗುತ್ತಿತ್ತು.

ಬೋರ್ಡನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ನನ್ನ ಹತ್ತಿರ ಇದೆ, 500 ವಿಎ (ಸುಮಾರು 500 ವಾಟ್ ಹೊರುವಷ್ಟು). ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಬೋರ್ಡ್‌ಗೆ ಧಾರಾಳ ಸಾಕು. 2000 ವಾಟ್ ಸ್ಟೌವ್‌ಗೆ ಎಲ್ಲಿ ಸಾಲುತ್ತದೆ? ದೊಡ್ಡದಕ್ಕೆ ಹದಿನೈದು ಸಾವಿರದ ಹತ್ತಿರ ಹೇಳಿದರು. ಅರ್ತ್‌ನ ಹಂಗಿಲ್ಲದೆ ಎರಡು ಬಿಂದುಗಳ ನಡುವೆ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಅದಕ್ಕಿಂತ ಜಾಸ್ತಿ.

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು 100ಎಕ್ಸ್ ಪ್ರೋಬ್ (ವೋಲ್ಟೇಜನ್ನು ನೂರನೇ ಒಂದು ಭಾಗಕ್ಕೆ ಇಳಿಸಿ ಸ್ಕೋಪ್‌ಗೆ ಕೊಡುವಂಥದ್ದು) ತಂದೆ. ಜೋಡಿಗೆ ನಾಲ್ಕು ಸಾವಿರದ ಒಳಗೇ. ಕಲೆಕ್ಟರ್ 1000 ವೋಲ್ಟ್ ದಾಟುತ್ತದೆ, 10ಎಕ್ಸ್ ಪ್ರೋಬ್ ಅಲ್ಲಿ ನಡೆಯುವುದಿಲ್ಲ. ಎರಡರ ಕ್ಲಿಪ್‌ಗಳನ್ನೂ ಒಂದಕ್ಕೊಂದು ಕಚ್ಚಿಸಿ ಟೇಪ್ ಸುತ್ತಿದೆ. ಬೋರ್ಡ್‌ಗೆ ಕ್ಲಿಪ್ ತಾಗಲೇಬಾರದು. ಎ ಪ್ರೋಬ್ ಕಲೆಕ್ಟರ್‌ಗೆ, ಬಿ ಪ್ರೋಬ್ ಐಜಿಬಿಟಿಯ ಬ್ರಿಡ್ಜ್ ಮೈನಸ್ ಕಡೆಯ ಕಾಲಾದ ಎಮಿಟರ್‌ಗೆ, ಸ್ಕೋಪ್ ತಾನೇ ಲೆಕ್ಕ ಹಾಕುವ ಮ್ಯಾತ್‌ನಲ್ಲಿ ಎ ಮೈನಸ್ ಬಿ. ಎರಡೂ ಚಾನೆಲ್ ಡಿವಿಷನ್‌ಗೆ (ಪರದೆಯ ಒಂದು ಮನೆಗೆ) 200 ವೋಲ್ಟ್, ಸೊನ್ನೆ ಗೆರೆ ನಡುವಿಗಿಂತ ಎರಡು ಮನೆ ಕೆಳಗೆ. ಒಂದು ಚಾನೆಲ್ ಪರದೆಯಾಚೆ ಹೋದರೂ ಮ್ಯಾತ್ ಸುಳ್ಳು ಹೇಳುತ್ತದೆ. ಪ್ರೋಬ್ ಸಿಕ್ಕಿಸುವುದು, ತೆಗೆಯುವುದು ಎಲ್ಲ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿದ ಮೇಲೆಯೇ.

ಮೊದಲು ಎರಡೂ ತುದಿ ಕಲೆಕ್ಟರ್‌ಗೇ ಹಾಕಿ ನೋಡಿ. ಮ್ಯಾತ್ ಗೆರೆ ನೆಟ್ಟಗೆ ಮಲಗಬೇಕು. ನನಗೆ ಪ್ರತಿ ಅಂಚಿನಲ್ಲೂ 80 ವೋಲ್ಟ್‌ನಷ್ಟು ಮುಳ್ಳು ಏಳುತ್ತಿತ್ತು. "ಹೇಳಿರಲಿಲ್ವಾ, ಇದರಲ್ಲಿ ಏನೂ ಕಾಣಲ್ಲ" ಅಂದರು, ಪಿನ್ ತೆಗೆ ಅಂದವರು. ಎರಡೂ ಪ್ರೋಬ್‌ನ ಟ್ರಿಮ್ಮರನ್ನು (ಹೊಂದಾಣಿಕೆಯ ಸ್ಕ್ರೂ) ಒಂದೇ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಮೇಲೆ, ಮ್ಯಾತ್ ಗೆರೆ ನೋಡಿಕೊಂಡೇ ತಿರುಗಿಸಿದೆ. ಕೇಬಲ್ ಎರಡನ್ನೂ ಹೆಣೆದೆ. ಮುಳ್ಳು ಹತ್ತು-ಹದಿನೈದಕ್ಕೆ ಇಳಿಯಿತು.

ಆಮೇಲೆ ಆ ವಾಪಸ್ ಬಂದ ಸ್ಟೌವ್. ಕಡಿಮೆ ಪವರ್‌ನಲ್ಲೇ ಕಲೆಕ್ಟರ್ 1100 ವೋಲ್ಟ್ ಹತ್ತಿರ ಜಿಗಿಯುತ್ತಿತ್ತು, ಐಜಿಬಿಟಿ ತಡೆಯುವುದೇ 1200 ವೋಲ್ಟ್. ಕಾಯಿಲ್ ಜೊತೆ ಸೇರಿ ಅಲೆ ಎಬ್ಬಿಸುವ ರೆಸೊನೆನ್ಸ್ ಕೆಪಾಸಿಟರ್ ಬಿಚ್ಚಿ ಅಳೆದರೆ 0.3 ಮೈಕ್ರೋಫ್ಯಾರಡ್ ಇರಬೇಕಾದ್ದು 0.2 ಚಿಲ್ಲರೆ! ಅದು ಕುಗ್ಗಿದಷ್ಟೂ ಕಲೆಕ್ಟರ್ ವೋಲ್ಟೇಜ್ ಏರುತ್ತದೆ. ಬೆಲೆ ನಲವತ್ತೋ ಐವತ್ತೋ ರೂಪಾಯಿ. ಹೊಸದು ಹಾಕಿದ ಮೇಲೆ ಅದೇ ಪವರ್‌ನಲ್ಲಿ 850 ದಾಟಲಿಲ್ಲ. ಆ ಸ್ಟೌವ್ ಮತ್ತೆ ಬಂದಿಲ್ಲ. ಪಿನ್ ಕತ್ತರಿಸು ಅಂದವರೇ ಈಗ ತಮ್ಮ ಬೋರ್ಡ್‌ಗಳನ್ನು ನನ್ನ ಟೇಬಲ್‌ಗೆ ತರುತ್ತಾರೆ.

ಐಜಿಬಿಟಿಯನ್ನು ಆನ್-ಆಫ್ ಮಾಡುವ ಗೇಟ್ ಸಿಗ್ನಲ್‌ಗೆ ಮಾತ್ರ ಇದು ಆಗುವುದಿಲ್ಲ. ಪರದೆಯ ಎತ್ತರವನ್ನು 256 ಮೆಟ್ಟಿಲಾಗಿ ಒಡೆಯುವ ಎಂಟು ಬಿಟ್ ಸ್ಕೋಪ್‌ನಲ್ಲಿ ಈ ಸೆಟ್ಟಿಂಗ್‌ಗೆ ಒಂದು ಮೆಟ್ಟಿಲೇ ಆರು ವೋಲ್ಟ್, ಗೇಟ್ ಇರುವುದು 15-18 ವೋಲ್ಟ್. ಅದಕ್ಕೆ ಒಂದು ಡಬ್ಬಿ ಮಾಡಿಕೊಂಡೆ: ಪ್ರತಿ ಕಡೆ ಹತ್ತು 1 ಮೆಗಾಓಮ್ ರೆಸಿಸ್ಟರ್ ಸಾಲಾಗಿ, ಕೆಳಗೆ 100 ಕಿಲೋಓಮ್, ಹಿಂದೆ ಎರಡು ಕಡೆಯ ವ್ಯತ್ಯಾಸ ತೆಗೆಯುವ ಟಿಎಲ್072 ಆಂಪ್ಲಿಫೈಯರ್ ಐಸಿ, ಎರಡು 9 ವೋಲ್ಟ್ ಬ್ಯಾಟರಿ. ಒಂದೇ ದೊಡ್ಡ ರೆಸಿಸ್ಟರ್ ಸುಮ್ನೆ ಹಾಕಬೇಡಿ, ವೋಲ್ಟೇಜ್ ತಡೆಯುವುದಿಲ್ಲ. ಖರ್ಚು ಮುನ್ನೂರರ ಒಳಗೆ. ಎಮಿಟರ್ ಅರ್ತ್‌ಗೆ ಹೋಲಿಸಿದರೆ ಓಲಾಡುವುದು ಮೇನ್ಸ್‌ನ 50 ಹರ್ಟ್ಸ್‌ನಲ್ಲಿ, ಗೇಟ್ ಬಡಿಯುವುದು 20-30 ಕಿಲೋಹರ್ಟ್ಸ್‌ನಲ್ಲಿ. ಕಳೆಯಬೇಕಾದ್ದು ಆ ನಿಧಾನದ ಓಲಾಟವನ್ನಷ್ಟೇ, ಅದಕ್ಕೇ ಈ ಅಗ್ಗದ ಐಸಿ ಸಾಕಾಯಿತು. ರೆಸಿಸ್ಟರ್ ಸಾಲುಗಳಿಗೆ ಕೆಪಾಸಿಟರ್ ಹೊಂದಿಸಿದ ಉಪಾಯ ಇಲ್ಲಿ ಬರೆಯುವುದಿಲ್ಲ, ಅಂಗಡಿಗೆ ಬಂದರೆ ತೋರಿಸುತ್ತೇನೆ.