ರ‍್ಯಾಲಿ ಕಾರಿನ ಬ್ರೇಕ್ ಬಿಚ್ಚಿ ಕಟ್ಟಿದ ಅನುಭವ

ಹವ್ಯಾಸಕ್ಕಾಗಿ ರ‍್ಯಾಲಿಗೆ ಸಿದ್ಧಪಡಿಸಿಕೊಂಡಿದ್ದ ನನ್ನ ಹಳೆಯ ಮಾರುತಿ ಎಸ್ಟೀಮ್, ಆಗುಂಬೆ ಘಾಟಿಯ ಕೊನೆಯ ಮೂರು ನಾಲ್ಕು ತಿರುವುಗಳು ಉಳಿದಿರುವಾಗ ಬ್ರೇಕ್ ಕಳೆದುಕೊಳ್ಳತೊಡಗಿತು. ಪೆಡಲ್ ಮೆತ್ತಗಾಗಿ ನೆಲದ ಕಡೆಗೆ ಇಳಿಯುತ್ತಿತ್ತು. ಮತ್ತೆ ಮತ್ತೆ ತುಳಿದು ಒತ್ತಡ ಎಬ್ಬಿಸಿಕೊಂಡು, ಒಂದನೇ ಗೇರಿನಲ್ಲಿ ಹೇಗೋ ಘಾಟಿಯ ಬುಡದ ಸೋಮೇಶ್ವರ ಮುಟ್ಟಿದೆ.

ದೊಡ್ಡ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕ್ ಬಿಲ್ಲೆ) ಹಾಕಿಸಬೇಕೆಂದು ಗೆಳೆಯರು ಹೇಳಿದರು. ಆದರೆ ತೋಟದ ಮಣ್ಣಿನ ದಾರಿಯಲ್ಲಿ ಇದ್ದ ಬ್ರೇಕಿಗೇ ಚಕ್ರಗಳು ಕಚ್ಚಿ ಜಾರುತ್ತಿದ್ದವು. ಹಿಡಿತದ ಮಿತಿ ಟೈರಿನದ್ದು, ಬ್ರೇಕಿನದ್ದಲ್ಲ. ನನ್ನ ಕೊರತೆ ಶಾಖ ತಾಳುವ ಶಕ್ತಿಯದ್ದು. ಒಂದು ಸಾವಿರ ಕೆ.ಜಿ. ತೂಕದ ಕಾರನ್ನು ಗಂಟೆಗೆ 72 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 2 ಲಕ್ಷ ಜೌಲ್ ಶಕ್ತಿ ಶಾಖವಾಗುತ್ತದೆ; ಅದೇ ಕಾರು ಘಟ್ಟದಲ್ಲಿ 500 ಮೀಟರ್ ಕೆಳಗಿಳಿದರೆ ಸುಮಾರು 49 ಲಕ್ಷ ಜೌಲ್. ಇದರಲ್ಲಿ ಎಂಜಿನ್ ಎಷ್ಟನ್ನು ಹೊರುವುದಿಲ್ಲವೋ ಅಷ್ಟೂ ಬ್ರೇಕಿನ ಪಾಲು. ಅಲ್ಲದೆ 13 ಇಂಚಿನ ಚಕ್ರದೊಳಗೆ ದೊಡ್ಡ ಡಿಸ್ಕಿಗೆ ಜಾಗವೂ ಇರಲಿಲ್ಲ.

ತೀರ್ಥಹಳ್ಳಿಯ ನಮ್ಮ ಮನೆಯ ಶೆಡ್ಡಿನಲ್ಲಿ ಕೆಲಸ ಆರಂಭಿಸಿದೆ. ಹೊರಬಂದ ಬ್ರೇಕ್ ಆಯಿಲ್ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಏಳುವ ಆವಿಯನ್ನು ಹಿಂಡಬಹುದಾದ್ದರಿಂದ, ಕಾಲಿನ ಬಲ ಆವಿಯನ್ನು ಒತ್ತುವುದರಲ್ಲೇ ಮುಗಿದು, ಡಿಸ್ಕನ್ನು ಹಿಡಿಯುವ ಪ್ಯಾಡಿಗೆ ತಲುಪುವುದಿಲ್ಲ. ಮಲೆನಾಡಿನ ಎರಡು ಮಳೆಗಾಲ ಕಳೆದರೂ ನಾನು ಆಯಿಲ್ ಬದಲಿಸಿರಲಿಲ್ಲ. ಘಾಟಿಯಲ್ಲಿ ಆದದ್ದಕ್ಕೆ ಅದೇ ಮುಖ್ಯ ಕಾರಣವೆಂದು ಈಗಲೂ ನಂಬಿದ್ದೇನೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್‌ಗಳನ್ನು ಕಂಪ್ರೆಸರ್ ಗಾಳಿಯಿಂದ ಹೊರತಳ್ಳುವಾಗ ಎದುರಿಗೆ ಮರದ ತುಂಡು ಇಟ್ಟು ಬೆರಳುಗಳನ್ನು ದೂರವಿರಿಸಿಕೊಂಡೆ. ಪಿಸ್ಟನ್ ಗುಂಡಿನಂತೆ ಸಿಡಿಯುತ್ತದೆ. ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಕೇವಲ ಸೋರಿಕೆ ತಡೆಯುವುದಿಲ್ಲ, ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುವುದೂ ಅದೇ. ನನ್ನ ಕಾರಿನಲ್ಲಿ ಅದು ಗಟ್ಟಿಯಾಗಿದ್ದರಿಂದ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜಿಕೊಂಡೇ ಇತ್ತು. ಈ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ರೂಢಿ ಹಲವು ಕಡೆ ಇದೆ. ಪೆಟ್ರೋಲ್ ತಾಗಿದರೆ ಆ ರಬ್ಬರ್ ಉಬ್ಬುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು.

ಡಯಲ್ ಗೇಜಿನಲ್ಲಿ ಡಿಸ್ಕ್ ತಿರುಗುವಾಗಿನ ಓಲಾಟ 0.12 ಮಿ.ಮೀ. ತೋರಿಸಿತು. ಸಮಮಾಡಿಸಲು ಲೇತಿಗೆ ಒಯ್ಯುವ ಮುನ್ನ, ಡಿಸ್ಕ್ ಕೂರುವ ಹಬ್ಬಿನ ಮುಖದ ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಅಳೆದರೆ 0.04 ಬಂತು; ಡಿಸ್ಕಿನಲ್ಲಿ ದೋಷವೇ ಇರಲಿಲ್ಲ. ಬಿರುಕುಬಿಟ್ಟ ರಬ್ಬರ್ ಹೋಸ್‌ಗಳ ಬದಲು ಸ್ಟೀಲ್ ಹೆಣಿಗೆಯವನ್ನು ಹಾಕಿದೆ. ರೇಸಿಂಗ್ ಪ್ಯಾಡ್ ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ರ‍್ಯಾಲಿಯ ಮೊದಲ ತಿರುವು ಬರುವುದೇ ತಣ್ಣನೆಯ ಬ್ರೇಕಿನಲ್ಲಾದ್ದರಿಂದ ಮಧ್ಯಮ ಬಗೆಯ ಪ್ಯಾಡ್ ಆರಿಸಿದೆ. ಹಿಂದಿನ ಡ್ರಮ್ಮುಗಳಲ್ಲಿ ವೀಲ್ ಸಿಲಿಂಡರ್ ಸೋರಿ, ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂಗಳು ಆಯಿಲ್ ಕುಡಿದಿದ್ದವು, ಎಲ್ಲವನ್ನೂ ಬದಲಿಸಿದೆ.

ಏರ್ ತೆಗೆಯುವಾಗ, ಅಂದರೆ ಒಳಗೆ ಸಿಕ್ಕಿದ ಗಾಳಿಯನ್ನು ಆಯಿಲ್ ಹರಿಸಿ ಹೊರಹಾಕುವಾಗ ಮಾತ್ರ ನನ್ನಿಂದ ತಪ್ಪಾಯಿತು. ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನ ತಳದ ತುಕ್ಕಿಗೆ ಸೀಲ್ ಹರಿಯದಿರಲೆಂದು ಪೆಡಲ್ ಪೂರ್ತಿ ಇಳಿಯದಂತೆ ಅದರ ಕೆಳಗೆ ಮರದ ತುಂಡು ಇಟ್ಟು ಎಚ್ಚರಿಕೆಯಿಂದಲೇ ಮಾಡಿದೆ. ಅರ್ಧ ಲೀಟರ್ ಆಯಿಲ್ ಹರಿದರೂ ಪೆಡಲ್ ಗಟ್ಟಿಯಾಗಲಿಲ್ಲ. ಪೆಡಲ್ ತುಳಿಯಲು ಕೂತಿದ್ದ ತಮ್ಮ ಇಳಿದು ಬಂದು ನೋಡಿ, "ಅಣ್ಣಾ, ಈ ನಿಪ್ಪಲ್ ಕೆಳಗಡೆ ಇದೆಯಲ್ಲಾ?" ಎಂದ. ಎಡದ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದೆ. ಗಾಳಿ ಮೇಲೆ ನಿಲ್ಲುತ್ತದೆ, ಅದು ಹೊರಬರುವ ದಾರಿಯಾದ ನಿಪ್ಪಲ್ ಕೆಳಗಿತ್ತು. ಅದಲುಬದಲು ಮಾಡಿ ಮತ್ತೆ ಏರ್ ತೆಗೆದ ಮೇಲೆ ಪೆಡಲ್ ಕಲ್ಲಿನಂತೆ ನಿಂತಿತು.

ಬೆಳಗಿನ ಖಾಲಿ ದಾರಿಯಲ್ಲಿ 60 ಕಿ.ಮೀ. ವೇಗದಿಂದ 15ರವರೆಗೆ, ಪೂರ್ತಿ ನಿಲ್ಲಿಸದೆ, ಹತ್ತು ಬಾರಿ ಬ್ರೇಕ್ ಹಿಡಿದು ಪ್ಯಾಡ್ ಪಳಗಿಸಿದೆ. ವಾರದ ನಂತರ ಅದೇ ಘಾಟಿ ಇಳಿದೆ. ಕೆಳಗೆ ಪ್ಯಾಡಿನ ವಾಸನೆ ಬಂದರೂ ಪೆಡಲ್ ಮೊದಲ ತಿರುವಿನಲ್ಲಿದ್ದ ಎತ್ತರದಲ್ಲೇ ಇತ್ತು. ಈಗ ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾ ಹೊತ್ತಿಗೆ ಮತ್ತೊಮ್ಮೆ ಆಯಿಲ್ ಬದಲಿಸುತ್ತೇನೆ. ತೆರೆದಿಟ್ಟ ಡಬ್ಬಿಯದನ್ನು ಮಾತ್ರ ಮತ್ತೆ ಹಾಕುವುದಿಲ್ಲ.