‘ಫೈನ್’ ಎಂಬ ಪದದ ಅರ್ಥವನ್ನು ಸಂದರ್ಭದಿಂದ ಹಿಡಿಯುವ ಬಗೆ

ಸಂಚಾರ ಪೊಲೀಸರಿಗೆ ಕಟ್ಟುವ ಫೈನ್ ಮತ್ತು ‘ಐ ಆ್ಯಮ್ ಫೈನ್’ ಎಂಬ ಉತ್ತರದ ಫೈನ್ ಒಂದಕ್ಕೊಂದು ಸಂಬಂಧವಿಲ್ಲದ ಪದಗಳಂತೆ ತೋರಿದರೂ, ಎರಡೂ ‘ಕೊನೆ’, ‘ಎಲ್ಲೆ’ ಎಂಬ ಅರ್ಥದ ಲ್ಯಾಟಿನ್ ಪದ ‘ಫಿನಿಸ್’ನಿಂದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿವೆ. ವ್ಯಾಜ್ಯವನ್ನು ಕೊನೆಗಾಣಿಸಲು ಕೊಡುತ್ತಿದ್ದ ಹಣ ಕ್ರಮೇಣ ದಂಡವೆನಿಸಿತು. ಕೊನೆಯ ಹದ ಮುಟ್ಟಿ ಪರಿಪೂರ್ಣವಾದದ್ದು ಉತ್ತಮವೆನಿಸಿತು. ಫಿನಿಶ್, ಫೈನಲ್, ಫೈನಾನ್ಸ್ ಪದಗಳೂ ಇದೇ ಬಳಗದವು.

ಅರ್ಥ ಹಿಡಿಯಲು ಮೊದಲು ವಾಕ್ಯದಲ್ಲಿ ಪದದ ಸ್ಥಾನವನ್ನು ಗಮನಿಸಬೇಕು. ‘ಪೇ’ ಎಂಬ ಕ್ರಿಯಾಪದಕ್ಕೆ ಕರ್ಮವಾಗಿ ಬಂದರೆ ಅದು ದಂಡ. ವಿಶೇಷಣವಾಗಿದ್ದರೆ ಮುಂದಿನ ನಾಮಪದವೇ ದಾರಿ ತೋರುತ್ತದೆ: ಪುಡಿಯ ಮುಂದೆ ನುಣುಪು, ದಾರದ ಮುಂದೆ ತೆಳುವು. ಉಪ್ಪಿಟ್ಟಿನ ರವೆಯನ್ನೂ ಚಿರೋಟಿ ರವೆಯನ್ನೂ ಬೆರಳುಗಳ ನಡುವೆ ಉಜ್ಜಿ ನೋಡಿದರೆ, ಎರಡನೆಯದನ್ನು ಇಂಗ್ಲಿಷಿನಲ್ಲಿ ಫೈನ್ ಎನ್ನುವುದೇಕೆಂದು ಕೈಗೇ ತಿಳಿಯುತ್ತದೆ. ಕ್ರಿಕೆಟ್ಟಿನ ಫೈನ್ ಲೆಗ್ ಮಾತ್ರ ಬೇರೆ. ಅಲ್ಲಿ ಅದು ಪಿಚ್ಚಿನ ನೇರಕ್ಕೆ ಹತ್ತಿರವಾದ ಕೋನವನ್ನು ಸೂಚಿಸುತ್ತದೆ.

ನಮ್ಮವರು ಹೆಚ್ಚಾಗಿ ಎಡವುವುದು ಹೊಗಳಿಕೆಯಲ್ಲಿ. ‘ಎ ಫೈನ್ ಪೇಂಟಿಂಗ್’ ಎಂದರೆ ಮನಸಾರೆ ಮೆಚ್ಚಿದಂತೆ; ‘ದ ಪೇಂಟಿಂಗ್ ಈಸ್ ಫೈನ್’ ಎಂದರೆ ಬಹಳ ಸಲ ‘ಪರವಾಗಿಲ್ಲ’ ಎಂದಷ್ಟೇ ಕೇಳಿಸುತ್ತದೆ, ಆದ್ದರಿಂದ ಕಲಾವಿದರೆದುರು ಮೊದಲ ರೂಪವನ್ನೇ ಬಳಸುವುದು ಲೇಸು. ಕಾಫಿ ಬೇಕೇ ಎಂದು ಕೇಳಿದಾಗ ಎದುರಿನವರು ‘ಐ ಆ್ಯಮ್ ಫೈನ್’ ಎಂದರೆ, ‘ನನಗೆ ಬೇಡ’ ಎಂದು ತಿಳಿಯಬೇಕು.